ವಾಯುರಾಶಿಗಳೂ ಅವುಗಳ ಮೊನೆಗಳೂ

೧

ಮಳೆಯ ಬರವನ್ನು ಮುಂಚಿತವಾಗಿ ತಿಳಿಯಬೇಕೆಂಬ ಆಸೆ ಬೇಸಾಯದಷ್ಟೇ ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಮೇಘಗರ್ಭದ ಲಕ್ಷಣಗಳನ್ನು ವಿಸ್ತಾರವಾಗಿ ಹೇಳಿ, ಗರ್ಭವು ಕಟ್ಟಿದ ೧೯೫ ದಿನಗಳಿಗೆ ಅದು ಮಳೆಯಾಗಿ ಪ್ರಸವಿಸುವುದೆಂದು ಗಣಿಸಿದ್ದಾನೆ. ಸೂರ್ಯಚಂದ್ರರ ಸುತ್ತ ಕಾಣುವ ಪರಿವೇಷಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಕನ್ನಡದಲ್ಲಿ ಸುಮಾರು ೧೩೦೦ರ ಹೊತ್ತಿಗೆ ಜೈನಕವಿ ಅರ್ಹದ್ದಾಸನು ರಚಿಸಿದ ರಟ್ಟಮತವು ಮಳೆ, ಮಿಂಚು, ಭೂಕಂಪ, ಶಕುನ ಮುಂತಾದುವನ್ನೇ ವಿಷಯವಾಗುಳ್ಳ ಗ್ರಂಥ. ರೈತರು ಇಂದಿಗೂ ರೋಹಿಣಿ, ಮೃಗಶಿರ, ಆರಿದ್ರೆ ಎಂದು ಸೂರ್ಯನಿರುವ ನಕ್ಷತ್ರದ ಹೆಸರಿನಿಂದಲೇ ಮಳೆಯನ್ನು ಕರೆಯುವರು. ಚಂದ್ರನು ಗುಡಿ ಕಟ್ಟಿದರೆ ಮಳೆ ಸಮೀಪಿಸಿತೆಂಬ ಹಳ್ಳಿಯ ಮಾತೂ ಇದೇ ಪರಂಪರೆಗೆ ಸೇರಿದುದು.

ಇವೆಲ್ಲವೂ ಲಕ್ಷಣವನ್ನು ಆಧಾರವಾಗಿ ಹಿಡಿದ ಜ್ಞಾನ. ಎರಡು ಸಂಗತಿಗಳು ಹಲವು ಬಾರಿ ಜೊತೆಯಾಗಿ ಬಂದುದನ್ನು ಕಂಡು, ಮೊದಲನೆಯದು ತೋರಿದಾಗ ಎರಡನೆಯದನ್ನು ನಿರೀಕ್ಷಿಸುವುದು ಇದರ ಕ್ರಮ. ಈ ಕ್ರಮವು ಹೀನವಾದುದಲ್ಲ. ತಲೆಮಾರುಗಳ ಅವಲೋಕನ ಅದರಲ್ಲಿ ಅಡಗಿದೆ. ಆದರೆ ಅದಕ್ಕೊಂದು ಮಿತಿಯುಂಟು. ಲಕ್ಷಣಕ್ಕೂ ಫಲಕ್ಕೂ ನಡುವೆ ಇರುವ ಸಂಬಂಧವೇನೆಂಬುದು ತಿಳಿಯದಿರುವಾಗ, ಆ ಲಕ್ಷಣವು ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು ಎಂಬುದನ್ನು ಮೊದಲೇ ಹೇಳುವುದಕ್ಕಾಗುವುದಿಲ್ಲ. ಹವೆಯ ಮುನ್ಸೂಚನೆಯು ಲಕ್ಷಣದಿಂದ ಕಾರಣದ ಕಡೆಗೆ ತಿರುಗಿದುದು ಇಪ್ಪತ್ತನೆಯ ಶತಮಾನದ ಮೊದಲ ಪಾದದಲ್ಲಿ, ನಾರ್ವೆ ದೇಶದ ಬೆರ್ಗೆನ್ ಎಂಬ ರೇವುಪಟ್ಟಣದಲ್ಲಿ. ಅಲ್ಲಿ ಹುಟ್ಟಿದ ಸಿದ್ಧಾಂತದ ಸ್ವರೂಪವೇನು, ಅದರಿಂದ ಮುನ್ಸೂಚನೆಗೆ ಒದಗಿದ ಬಲವೇನು, ಮುಂಗಾರಿನ ನಾಡಿನಲ್ಲಿ ಅದು ಎಷ್ಟರಮಟ್ಟಿಗೆ ಸಲ್ಲುವುದು ಎಂಬುದೇ ಇಲ್ಲಿಯ ವಿಚಾರ.

೨

ಯೂರೋಪಿನ ಸ್ಥಿತಿಯೂ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ವಾಯುಭಾರಮಾಪಕವು ಬಳಕೆಗೆ ಬಂದಿದ್ದಿತು. ಪಾದರಸ ಇಳಿದರೆ ಬಿರುಗಾಳಿ, ಏರಿದರೆ ತಿಳಿಯಾದ ಹವೆ ಎಂಬ ನಿಯಮವನ್ನು ನಾವಿಕರು ಬಲ್ಲವರಾಗಿದ್ದರು. ಆದರೆ ಇದೂ ಒಂದು ಲಕ್ಷಣವೇ. ವಿದ್ಯುತ್ತಂತಿಯು ಬಂದಮೇಲೆ ಮಾತ್ರ ಒಂದು ಹೊಸ ಮಾರ್ಗ ತೆರೆಯಿತು. ಗಾಳಿಗಿಂತ ವೇಗವಾಗಿ ಸುದ್ದಿಯು ಓಡತೊಡಗಿತು. ೧೮೫೪ರ ನವೆಂಬರ್ ೧೪ರಂದು ಕ್ರಿಮಿಯಾ ಯುದ್ಧದ ಕಾಲದಲ್ಲಿ ಬಾಲಕ್ಲಾವದ ಬಳಿ ಎದ್ದ ಬಿರುಗಾಳಿಗೆ ಬ್ರಿಟಿಷ್ ಮತ್ತು ಫ್ರೆಂಚ್ ಹಡಗುಗಳು ಹಲವು ನಾಶವಾದುವು. ಫ್ರೆಂಚ್ ಖಗೋಳಜ್ಞ ಲೆ ವೆರ್ಯೆಯು ವಿಚಾರಣೆ ನಡೆಸಿ, ಆ ಬಿರುಗಾಳಿಯು ಯೂರೋಪನ್ನು ದಾಟಿಕೊಂಡು ಬಂದುದೆಂದೂ ತಂತಿಯ ಮೂಲಕ ಅದರ ಬರವನ್ನು ಮೊದಲೇ ತಿಳಿಸಬಹುದಾಗಿದ್ದಿತೆಂದೂ ತೋರಿಸಿದನು.

ಬ್ರಿಟನ್ನಿನಲ್ಲಿ ಈ ಕಾರ್ಯವನ್ನು ಕೈಗೊಂಡವನು ರಾಬರ್ಟ್ ಫಿಟ್ಸ್‌ರಾಯ್; ಡಾರ್ವಿನ್ನನು ಪ್ರಯಾಣಮಾಡಿದ ಬೀಗಲ್ ಹಡಗಿನ ಕಪ್ತಾನನಾಗಿದ್ದವನು. ೧೮೫೯ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸಿನ ಆಂಗ್ಲಸೀ ದ್ವೀಪದ ಬಂಡೆಗಳಿಗೆ ಬಡಿದು ನಾನೂರಕ್ಕೂ ಹೆಚ್ಚು ಜನ ಮಡಿದಮೇಲೆ, ೧೮೬೧ರಲ್ಲಿ ಅವನು ರೇವುಗಳಿಗೆ ಬಿರುಗಾಳಿಯ ಎಚ್ಚರಿಕೆಯನ್ನು ಕಳುಹಿಸತೊಡಗಿದನು. ಅದೇ ವರ್ಷ ಅವನ ಮುನ್ಸೂಚನೆಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿಯೂ ಅಚ್ಚಾಗತೊಡಗಿದುವು. ಇದು ಜ್ಯೋತಿಷ್ಯವೂ ಅಲ್ಲ, ಭವಿಷ್ಯವಾಣಿಯೂ ಅಲ್ಲವೆಂದು ತೋರಿಸುವುದಕ್ಕಾಗಿಯೇ ಅವನು ‘ಫೋರ್‌ಕಾಸ್ಟ್’ ಎಂಬ ಮಾತನ್ನು ಆರಿಸಿಕೊಂಡನು. ಧ್ರುವದ ಕಡೆಯ ಗಾಳಿಯೂ ಉಷ್ಣವಲಯದ ಗಾಳಿಯೂ ಸಂಧಿಸುವೆಡೆಯಲ್ಲಿ ಬಿರುಗಾಳಿಗಳು ಹುಟ್ಟುವುವೆಂಬ ಭಾವನೆಯೂ ಅವನ ೧೮೬೩ರ ಗ್ರಂಥದಲ್ಲಿ ಉಂಟು. ಆದರೆ ಆ ಭಾವನೆಗೆ ಗಣಿತದ ಬೆಂಬಲವಿರಲಿಲ್ಲ; ಅದನ್ನು ಪರೀಕ್ಷಿಸಲು ತಕ್ಕಷ್ಟು ನಿಲ್ದಾಣಗಳಿರಲಿಲ್ಲ. ಮುನ್ಸೂಚನೆಗಳು ಹಲವೊಮ್ಮೆ ತಪ್ಪಿದುವು, ಪತ್ರಿಕೆಗಳು ಹಾಸ್ಯಮಾಡಿದುವು, ವಿದ್ವಾಂಸರು ಶಾಸ್ತ್ರೀಯವಲ್ಲವೆಂದರು. ಅನಾರೋಗ್ಯದಿಂದಲೂ ಸಾಲದಿಂದಲೂ ಬಳಲಿದ್ದ ಫಿಟ್ಸ್‌ರಾಯ್ ೧೮೬೫ರ ಏಪ್ರಿಲ್ ೩೦ರಂದು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು. ಮರುವರ್ಷ ಮುನ್ಸೂಚನೆಗಳ ಪ್ರಕಟಣೆಯು ನಿಂತಿತು. ರೇವಿನ ಜನರ ಒತ್ತಾಯದಿಂದ ಬಿರುಗಾಳಿಯ ಎಚ್ಚರಿಕೆಯು ೧೮೬೭ರಲ್ಲಿ ಮತ್ತೆ ಆರಂಭವಾಯಿತು. ತಪ್ಪುಗಳ ನಡುವೆಯೂ ಆ ಎಚ್ಚರಿಕೆಯಿಂದ ಜೀವಗಳು ಉಳಿದಿದ್ದುವೆಂಬುದನ್ನು ವಿದ್ವಾಂಸರಿಗಿಂತ ಮೊದಲು ಅರಿತವರು ಬೆಸ್ತರು.

೩

ಮುಂದಿನ ಹೆಜ್ಜೆಯನ್ನು ಇಟ್ಟವನು ನಾರ್ವೆಯ ಭೌತವಿಜ್ಞಾನಿ ವಿಲ್‌ಹೆಲ್ಮ್ ಬ್ಯರ್ಕ್‌ನೆಸ್. ೧೯೦೪ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಅವನು ಮುನ್ಸೂಚನೆಯ ಸಮಸ್ಯೆಯನ್ನು ಎರಡು ಅಂಗಗಳಾಗಿ ವಿಂಗಡಿಸಿದನು: ಈ ಹೊತ್ತಿನ ವಾಯುಮಂಡಲದ ಸ್ಥಿತಿಯನ್ನು ಸಾಕಷ್ಟು ನಿಷ್ಕೃಷ್ಟವಾಗಿ ತಿಳಿಯಬೇಕು; ಒಂದು ಸ್ಥಿತಿಯಿಂದ ಮತ್ತೊಂದು ಸ್ಥಿತಿಯು ಹುಟ್ಟುವ ನಿಯಮಗಳನ್ನು ಸಾಕಷ್ಟು ನಿಷ್ಕೃಷ್ಟವಾಗಿ ತಿಳಿಯಬೇಕು. ಈ ಎರಡೂ ದೊರೆತರೆ ಗ್ರಹಣವನ್ನು ಗಣಿಸಿದಂತೆಯೇ ಹವೆಯನ್ನೂ ಗಣಿಸಬಹುದೆಂಬುದು ಅವನ ಅಭಿಪ್ರಾಯ. ನಿಯಮಗಳು ಭೌತಶಾಸ್ತ್ರದಲ್ಲಿ ಸಿದ್ಧವಾಗಿಯೇ ಇದ್ದುವು. ಆದರೆ ಸಮೀಕರಣಗಳನ್ನು ಬಿಡಿಸುವ ಸಾಧನವೂ ಬೇಕಾದಷ್ಟು ಅವಲೋಕನಗಳೂ ಆಗ ಇರಲಿಲ್ಲ.

ಮೊದಲನೆಯ ಮಹಾಯುದ್ಧವು ಈ ವಿಚಾರವನ್ನು ಅನಿರೀಕ್ಷಿತವಾದ ದಾರಿಗೆ ತಿರುಗಿಸಿತು. ಲೈಪ್‌ಸಿಗ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ಬ್ಯರ್ಕ್‌ನೆಸ್ ೧೯೧೭ರಲ್ಲಿ ಬೆರ್ಗೆನಿಗೆ ಬಂದನು. ನಾರ್ವೆಯು ತಟಸ್ಥದೇಶವಾಗಿದ್ದರೂ ಯುದ್ಧದ ಪೆಟ್ಟು ಅದಕ್ಕೂ ತಗುಲಿತ್ತು. ಹೊರಗಿನಿಂದ ಬರುವ ಧಾನ್ಯ ಕಡಮೆಯಾಗಿ, ದೇಶದ ಬೆಳೆಯೇ ಗತಿಯೆಂಬಂತಾಗಿತ್ತು. ಹವೆಯ ವರದಿಯು ಯುದ್ಧದ ಗುಟ್ಟಾಗಿ ಪರಿಣಮಿಸಿ, ಬ್ರಿಟನ್ನಿನ ಕಡೆಯಿಂದ ಬರುತ್ತಿದ್ದ ತಂತಿಗಳು ನಿಂತುಹೋಗಿದ್ದುವು. ನಾರ್ವೆಗೆ ಹವೆಯು ಬರುವುದು ಪಶ್ಚಿಮದ ಸಮುದ್ರದಿಂದ. ಆ ದಿಕ್ಕೇ ಕುರುಡಾಯಿತು. ಆಗ ಬ್ಯರ್ಕ್‌ನೆಸ್ ಸರ್ಕಾರದ ನೆರವಿನಿಂದ ಪಶ್ಚಿಮ ತೀರದಲ್ಲಿ ಅವಲೋಕನದ ನಿಲ್ದಾಣಗಳನ್ನು ಹಲವು ಪಟ್ಟು ಹೆಚ್ಚಿಸಿದನು. ಅನೇಕ ಕಡೆ ದೀಪಸ್ತಂಭದ ಕಾವಲುಗಾರರೂ ಬೆಸ್ತರೂ ಅವಲೋಕಕರಾದರು. ೧೯೧೮ರ ಬೇಸಿಗೆಯಲ್ಲಿ ರೈತರಿಗಾಗಿ ಮುನ್ಸೂಚನೆಗಳು ಹೊರಟುವು. ದೂರದ ವರದಿಗಳು ತಪ್ಪಿದುದರಿಂದ ಹತ್ತಿರದ ಹವೆಯನ್ನು ಸೂಕ್ಷ್ಮವಾಗಿ ನೋಡಬೇಕಾಯಿತು. ಹಾಗೆ ನೋಡಿದುದರಿಂದ ಹಿಂದೆ ಕಾಣದಿದ್ದುದು ಕಂಡಿತು.

ಕಂಡುದೇನು? ಅದುವರೆಗೆ ತಗ್ಗುಭಾರದ ಸುಳಿ, ಎಂದರೆ ಯೂರೋಪಿಗೆ ಮಳೆಗಾಳಿಗಳನ್ನು ತರುವ ಸೈಕ್ಲೋನ್, ನಕ್ಷೆಯ ಮೇಲೆ ಬರಿಯ ದುಂಡಾದ ವರ್ತುಲಗಳ ಗುಂಪಾಗಿ ತೋರುತ್ತಿದ್ದಿತು. ವಿಲ್‌ಹೆಲ್ಮನ ಮಗನಾದ ಯಾಕೊಬ್ ಬ್ಯರ್ಕ್‌ನೆಸ್ ದಟ್ಟವಾದ ಅವಲೋಕನಗಳನ್ನು ನಕ್ಷೆಗೆ ಇಳಿಸಿದಾಗ, ಆ ಸುಳಿಯ ಒಳಗೆ ಎರಡು ಸ್ಪಷ್ಟವಾದ ರೇಖೆಗಳಿರುವುದು ತಿಳಿಯಿತು. ಆ ರೇಖೆಗಳ ಒಂದು ಮಗ್ಗುಲಿಗೆ ಬೆಚ್ಚನೆಯ ಗಾಳಿ, ಇನ್ನೊಂದು ಮಗ್ಗುಲಿಗೆ ತಣ್ಣನೆಯ ಗಾಳಿ. ಮಳೆಯು ಸುಳಿಯಲ್ಲೆಲ್ಲ ಚೆದರಿರದೆ ಬಹುಮಟ್ಟಿಗೆ ಈ ರೇಖೆಗಳನ್ನೇ ಅನುಸರಿಸಿದ್ದಿತು. ೧೯೧೯ರಲ್ಲಿ ಇದನ್ನು ಎಂಟು ಪುಟಗಳ ಒಂದು ಲೇಖನವಾಗಿ ಪ್ರಕಟಿಸಿದಾಗ ಯಾಕೊಬನಿಗೆ ಇಪ್ಪತ್ತೊಂದು ವರ್ಷ. ಹಾಲ್ವರ್ ಸೋಲ್‌ಬೆರ್ಗ್ ಮತ್ತು ತೋರ್ ಬೆರ್ಗೆರೊನ್ ಎಂಬ ತರುಣರೂ ಸೇರಿ ಸಿದ್ಧಾಂತವನ್ನು ಬೆಳೆಯಿಸಿದರು. ೧೯೨೨ರ ಹೊತ್ತಿಗೆ, ಇಂಥ ರೇಖೆಗಳು ಬಿಡಿಬಿಡಿಯಾದುವಲ್ಲ, ಧ್ರುವದ ಕಡೆಯ ಶೀತವಾಯುವಿಗೂ ಅದರ ದಕ್ಷಿಣದ ಬೆಚ್ಚನೆಯ ವಾಯುವಿಗೂ ನಡುವೆ ಉತ್ತರಗೋಲಾರ್ಧವನ್ನು ಬಳಸಿರುವ ಒಂದು ಎಲ್ಲೆಯ ಭಾಗಗಳು ಎಂಬಲ್ಲಿಗೆ ಅವರು ಮುಟ್ಟಿದರು.

ಆ ಎಲ್ಲೆಗೆ ಅವರು ಕೊಟ್ಟ ಹೆಸರು ‘ಫ್ರಂಟ್’. ಎರಡು ಸೇನೆಗಳು ವರ್ಷಗಟ್ಟಲೆ ಎದುರುಬದುರಾಗಿ ನಿಂತು, ಒಮ್ಮೆ ಒಂದು ಮುಂದುವರಿದು ಒಮ್ಮೆ ಮತ್ತೊಂದು ಮುಂದುವರಿದ ಯುದ್ಧರಂಗದ ಹೆಸರೇ ಅದು. ಆಗತಾನೇ ಮುಗಿದಿದ್ದ ಯುದ್ಧದ ವರದಿಗಳಲ್ಲಿ ಎಲ್ಲರ ಕಿವಿಗೂ ಬಿದ್ದಿದ್ದ ಮಾತು. ಇದಕ್ಕೆ ಭಾರತೀಯ ಭಾಷೆಗಳಲ್ಲಿ ‘ವಾತಾಗ್ರ’ ಎಂಬ ಸಂಸ್ಕೃತಪದವನ್ನು ಕಲ್ಪಿಸಿರುವುದುಂಟು. ಕನ್ನಡದಲ್ಲಿಯಾದರೋ ‘ಮೊನೆ’ ಎಂಬ ಹಳೆಯ ಮಾತು ಸಿದ್ಧವಾಗಿದೆ. ಹರಿತವಾದ ತುದಿಯೆಂಬ ಅರ್ಥವೂ ಕಾಳಗವೆಂಬ ಅರ್ಥವೂ ಅದಕ್ಕುಂಟು, ಮೊನೆಗಾರನೆಂದರೆ ವೀರ. ತಣ್ಣನೆಯ ಗಾಳಿಯು ಬೆಣೆಯಂತೆ ಬೆಚ್ಚನೆಯ ಗಾಳಿಯ ಅಡಿಗೆ ನುಗ್ಗುವುದಾದುದರಿಂದ ತುದಿಯೆಂಬ ಅರ್ಥವೂ, ಎರಡು ರಾಶಿಗಳು ಅಲ್ಲಿ ಹೆಣಗುವುದರಿಂದ ಕಾಳಗವೆಂಬ ಅರ್ಥವೂ ಇಲ್ಲಿ ಒಟ್ಟಿಗೆ ಹೊಂದುವುವು. ‘ಶೀತಮೊನೆ’ ಎಂದರೆ ಅರಿಸಮಾಸವಾಗುವುದಾದುದರಿಂದ ಮುಂದೆ ತಣ್ಮೊನೆ, ಬಿಸಿಮೊನೆ ಎಂಬ ರೂಪಗಳನ್ನೇ ಬಳಸಲಾಗಿದೆ.

೪

ಮೊನೆಯನ್ನು ತಿಳಿಯಬೇಕಾದರೆ ಮೊದಲು ವಾಯುರಾಶಿಯನ್ನು ತಿಳಿಯಬೇಕು. ಗಾಳಿಯು ಒಂದು ವಿಶಾಲವಾದ, ಏಕರೂಪವಾದ ಪ್ರದೇಶದ ಮೇಲೆ ಬಹುದಿನ ತಂಗಿದರೆ ಆ ನೆಲದ ಅಥವಾ ನೀರಿನ ಗುಣವನ್ನು ಪಡೆಯುವುದು. ಚಳಿಗಾಲದ ಸೈಬೀರಿಯದ ಹಿಮದ ಮೇಲೆ ನಿಂತ ಗಾಳಿಯು ತಣ್ಣಗೆ, ಒಣದಾಗಿ, ಭಾರವಾಗಿ ಆಗುವುದು. ಅಜೋರ್ಸ್ ದ್ವೀಪಗಳ ಸುತ್ತಣ ಸಮುದ್ರದ ಮೇಲೆ ನಿಂತುದು ಬೆಚ್ಚಗೆ ತೇವವಾಗುವುದು. ಹೀಗೆ ಸಾವಿರಾರು ಕಿಲೋಮೀಟರುಗಳವರೆಗೆ ಉಷ್ಣತೆಯಲ್ಲಿಯೂ ತೇವದಲ್ಲಿಯೂ ಬಹುಮಟ್ಟಿಗೆ ಸಮಾನವಾಗಿರುವ ಗಾಳಿಯ ಹರವೇ ವಾಯುರಾಶಿ. ಬೆರ್ಗೆರೊನ್ ೧೯೨೮ರಲ್ಲಿ ಇವುಗಳನ್ನು ಹುಟ್ಟಿದೆಡೆಯ ಪ್ರಕಾರ ವಿಂಗಡಿಸುವ ಕ್ರಮಕ್ಕೆ ಅಸ್ತಿಭಾರವನ್ನು ಹಾಕಿದನು: ಆರ್ಕ್ಟಿಕ್, ಧ್ರುವೀಯ, ಉಷ್ಣವಲಯದ ಎಂಬುದು ಅಕ್ಷಾಂಶವನ್ನು ಅನುಸರಿಸಿದ ವಿಭಾಗ, ಭೂಖಂಡದ್ದು, ಸಾಗರದ್ದು ಎಂಬುದು ತೇವವನ್ನು ಅನುಸರಿಸಿದ ವಿಭಾಗ.

ವಾಯುರಾಶಿಯು ತವರನ್ನು ಬಿಟ್ಟು ಹೊರಟಮೇಲೆ ತನ್ನ ಗುಣವನ್ನು ಸ್ವಲ್ಪಸ್ವಲ್ಪವಾಗಿ ಮಾತ್ರ ಕಳೆದುಕೊಳ್ಳುವುದು. ತಣ್ಣನೆಯ ರಾಶಿಯು ಬೆಚ್ಚನೆಯ ಸಮುದ್ರದ ಮೇಲೆ ಹಾಯ್ದರೆ ಅಡಿಯಿಂದ ಕಾದು, ಕುದಿಯುವ ನೀರಿನಂತೆ ಮೇಲುಕೆಳಗಾಗಿ, ಬಿಟ್ಟುಬಿಟ್ಟು ಬರುವ ಮಳೆಯನ್ನು ಕೊಡುವುದು. ಬೆಚ್ಚನೆಯ ತೇವದ ರಾಶಿಯು ತಣ್ಣೀರಿನ ಮೇಲೆ ಬಂದರೆ ಅಡಿಯ ಪದರ ತಣಿದು ಮೇಲೇಳಲಾರದೆ ಮಂಜು ಕವಿಯುವುದು. ನ್ಯೂಫೌಂಡ್‌ಲೆಂಡಿನ ಬಳಿಯ ಸಮುದ್ರದ ಹೆಸರಾಂತ ಮಂಜು ಈ ಬಗೆಯದು. ಆದುದರಿಂದ ಗಾಳಿಯು ಯಾವ ದಿಕ್ಕಿನಿಂದ ಬೀಸುತ್ತಿದೆಯೆಂಬುದು ಮುಖ್ಯವಲ್ಲ, ಎಲ್ಲಿ ಹುಟ್ಟಿ ಯಾವ ದಾರಿಯಲ್ಲಿ ಬಂದಿತೆಂಬುದು ಮುಖ್ಯ.

ಎರಡು ರಾಶಿಗಳು ಸಂಧಿಸಿದಾಗ ಹಾಲು ನೀರಿನಂತೆ ಬೆರೆಯುವುದಿಲ್ಲ. ತಣ್ಣನೆಯ ಗಾಳಿ ಭಾರವಾದುದರಿಂದ ಕೆಳಗೆ ಹರಡಲು ನೋಡುವುದು. ಬೆಚ್ಚನೆಯದು ಅದರ ಮೇಲೆ ಏರಲು ನೋಡುವುದು. ಭೂಮಿಯು ತಿರುಗದೆ ಇದ್ದಿದ್ದರೆ ತಣ್ಣನೆಯದು ಪೂರ್ತಿಯಾಗಿ ಅಡಿಗೆ ಹಾಸಿಕೊಂಡು ಎಲ್ಲವೂ ಶಾಂತವಾಗುತ್ತಿದ್ದಿತು. ಭೂಭ್ರಮಣದಿಂದ ಗಾಳಿಯು ಪಕ್ಕಕ್ಕೆ ತಿರುಗುವುದರಿಂದ ಇವೆರಡರ ನಡುವಣ ಮೇಲ್ಮೈ ಮಲಗದೆ, ಸ್ವಲ್ಪ ಓರೆಯಾಗಿ ನಿಲ್ಲುವುದು. ಆ ಓರೆಯ ಪ್ರಮಾಣವನ್ನು ವಿಯೆನ್ನಾದ ಮ್ಯಾಕ್ಸ್ ಮಾರ್ಗುಲೆಸ್ ೧೯೦೬ರಲ್ಲಿಯೇ ಗಣಿತದಿಂದ ತೋರಿಸಿದ್ದನು. ಎರಡು ರಾಶಿಗಳ ಉಷ್ಣತೆಯ ಅಂತರ, ಗಾಳಿಯ ವೇಗದ ಅಂತರ, ಆ ಸ್ಥಳದ ಅಕ್ಷಾಂಶ ಎಂಬ ಮೂರನ್ನು ಅದು ಅವಲಂಬಿಸಿರುವುದು. ಬಿರುಗಾಳಿಯ ಶಕ್ತಿಯು ಎಲ್ಲಿಂದ ಬರುವುದೆಂಬ ಪ್ರಶ್ನೆಗೂ ಅವನೇ ಉತ್ತರವನ್ನು ಸೂಚಿಸಿದ್ದನು: ಪಕ್ಕಪಕ್ಕದಲ್ಲಿರುವ ತಣ್ಣನೆಯ ಗಾಳಿಯು ಇಳಿದು ಬೆಚ್ಚನೆಯದು ಏರುವಾಗ ಬಿಡುಗಡೆಯಾಗುವ ಶಕ್ತಿಯೇ ಬೀಸುಗಾಳಿಯಾಗಿ ಪರಿಣಮಿಸುವುದು.

೫

ಮೊನೆಯು ನೆಲವನ್ನು ಮುಟ್ಟುವ ರೇಖೆಯೇ ನಕ್ಷೆಯಲ್ಲಿ ಬರೆಯಲ್ಪಡುವುದು. ಬೆಚ್ಚನೆಯ ಗಾಳಿಯು ಮುಂದುವರಿದು ತಣ್ಣನೆಯದು ಹಿಂಜರಿದರೆ ಅದು ಬಿಸಿಮೊನೆ. ತಣ್ಣನೆಯದು ಮುನ್ನುಗ್ಗಿದರೆ ತಣ್ಮೊನೆ. ನಕ್ಷೆಯಲ್ಲಿ ಬಿಸಿಮೊನೆಗೆ ಅರ್ಧವರ್ತುಲಗಳನ್ನು ಪೋಣಿಸಿದ ಕೆಂಪುಗೆರೆ, ತಣ್ಮೊನೆಗೆ ತ್ರಿಕೋಣಗಳನ್ನು ಪೋಣಿಸಿದ ನೀಲಿಗೆರೆ ಇಂದು ಜಗತ್ತಿನಲ್ಲೆಲ್ಲ ರೂಢಿ.

ಬಿಸಿಮೊನೆಯ ಇಳಿಜಾರು ಬಹಳ ಮಂದವಾದುದು; ನೂರರಿಂದ ಇನ್ನೂರು ಕಿಲೋಮೀಟರು ದೂರಕ್ಕೆ ಒಂದು ಕಿಲೋಮೀಟರು ಏರುವುದು ಸಾಮಾನ್ಯ. ಈ ಒಂದು ಅಂಕಿಯಿಂದ ಹಳೆಯ ಲಕ್ಷಣವೊಂದರ ಗುಟ್ಟು ಬಯಲಾಗುವುದು. ೧೨೫ ಕಿಲೋಮೀಟರಿಗೆ ಒಂದರಂತೆ ಏರುವ ಮೊನೆಯ ಮೇಲ್ಮೈಯು ೮ ಕಿಲೋಮೀಟರು ಎತ್ತರವನ್ನು ಮುಟ್ಟುವ ಸ್ಥಳವು ನೆಲದ ರೇಖೆಗಿಂತ ೧೦೦೦ ಕಿಲೋಮೀಟರು ಮುಂದಿರುವುದು. ಅಲ್ಲಿ ಏರಿದ ಬೆಚ್ಚನೆಯ ಗಾಳಿಯ ತೇವವು ಹಿಮದ ಹರಳುಗಳಾಗಿ, ಹಿಂಜಿದ ಅರಳೆಯಂತಹ ಸಿರಸ್ ಮೋಡವಾಗುವುದು. ಅದು ತೆಳುಪರದೆಯಾಗಿ ಹಬ್ಬಿದಾಗ ಹರಳುಗಳ ಮೂಲಕ ಬೆಳಕು ಬಾಗಿ ಚಂದ್ರನ ಸುತ್ತ ಪರಿವೇಷ ಕಾಣುವುದು. ಮೊನೆಯು ಗಂಟೆಗೆ ೪೦ ಕಿಲೋಮೀಟರಿನಂತೆ ಸಾಗಿದರೆ ಆ ಸ್ಥಳವನ್ನು ಮುಟ್ಟುವುದು ೨೫ ಗಂಟೆಗಳ ಮೇಲೆ. ಈ ನಡುವೆ ಮೇಲ್ಮೈಯು ಕ್ರಮೇಣ ತಗ್ಗುತ್ತ ಬರುವುದರಿಂದ ಮೋಡವೂ ತಗ್ಗುತ್ತ ದಪ್ಪವಾಗುತ್ತ ಬರುವುದು: ಮೊದಲು ಪರದೆ, ಅನಂತರ ಸೂರ್ಯನು ಮಸಕುಗಾಜಿನ ಹಿಂದಿರುವಂತೆ ತೋರುವ ಬೂದಿಯ ಹೊದಿಕೆ, ಕೊನೆಗೆ ಎಡೆಬಿಡದ ಸೋನೆ. ಮಳೆಯು ಮೊನೆಗಿಂತ ಮೊದಲೇ ಬೀಳತೊಡಗಿ, ಮೊನೆಯು ದಾಟಿದಮೇಲೆ ನಿಲ್ಲುವುದು. ಗಾಳಿಯ ದಿಕ್ಕು ತಿರುಗಿ ಹವೆಯು ಬೆಚ್ಚಗಾಗುವುದು. ಪರಿವೇಷವನ್ನು ಕಂಡು ಮರುದಿನ ಮಳೆಯೆಂದ ಯೂರೋಪಿನ ನಾವಿಕನು ತನಗೆ ತಿಳಿಯದೆಯೇ ಸಾವಿರ ಕಿಲೋಮೀಟರು ದೂರದ ಮೊನೆಯ ಹಣೆಯನ್ನು ನೋಡಿದ್ದನು.

ತಣ್ಮೊನೆಯ ನಡೆಯೇ ಬೇರೆ. ಅದರ ಇಳಿಜಾರು ಬಿಸಿಮೊನೆಯದಕ್ಕಿಂತ ಕಡಿದಾದುದು; ಐವತ್ತರಿಂದ ನೂರು ಕಿಲೋಮೀಟರಿಗೆ ಒಂದು. ತಣ್ಣನೆಯ ಗಾಳಿಯು ನೇಗಿಲಿನಂತೆ ಅಡಿಯಿಂದ ನುಗ್ಗಿ ಬೆಚ್ಚನೆಯದನ್ನು ಒಮ್ಮೆಗೇ ಮೇಲಕ್ಕೆಸೆಯುವುದು. ಆದುದರಿಂದ ಇಲ್ಲಿ ದೀರ್ಘವಾದ ಮುನ್ನುಡಿಯಿಲ್ಲ. ಗೋಪುರದಂತಹ ಮೋಡಗಳು, ಗುಡುಗು, ಬಿರುಮಳೆ, ಹಠಾತ್ತಾಗಿ ದಿಕ್ಕು ತಿರುಗುವ ಗಾಳಿ. ಅದು ದಾಟುವಾಗ ಉಷ್ಣತೆಯು ಥಟ್ಟನೆ ಇಳಿಯುವುದು, ವಾಯುಭಾರವು ಏರತೊಡಗುವುದು, ಹಿಂದೆಯೇ ತೊಳೆದಂತಹ ತಿಳಿಯಾದ ಆಕಾಶ ಕಾಣುವುದು.

ಸುಳಿಯ ಬಾಳನ್ನು ಈ ಎರಡು ಮೊನೆಗಳೇ ನಿರ್ಣಯಿಸುವುವು. ಶೀತೋಷ್ಣರಾಶಿಗಳ ಎಲ್ಲೆಯಲ್ಲಿ ಮೊದಲು ಒಂದು ಸಣ್ಣ ಅಲೆ ಏಳುವುದು. ಅಲೆಯ ಮುಂಭಾಗ ಬಿಸಿಮೊನೆ, ಹಿಂಭಾಗ ತಣ್ಮೊನೆ, ನಡುವೆ ಬೆಚ್ಚನೆಯ ಗಾಳಿಯ ನಾಲಗೆ. ಅಲೆಯು ಬೆಳೆದು ಸುಳಿಯಾಗುವುದು. ತಣ್ಮೊನೆಯು ವೇಗವಾಗಿ ಓಡಿ ಬಿಸಿಮೊನೆಯನ್ನು ಹಿಂದಿನಿಂದ ಮುಟ್ಟಿದಾಗ ಬೆಚ್ಚನೆಯ ನಾಲಗೆ ನೆಲವನ್ನು ಬಿಟ್ಟು ಮೇಲಕ್ಕೆತ್ತಲ್ಪಡುವುದು. ಇದನ್ನು ಬೆರ್ಗೆರೊನ್ ೧೯೧೯ರಲ್ಲಿ ಕಂಡುಹಿಡಿದನು. ಮೊನೆಗಳ ಮುಚ್ಚುಗೆಯೆಂದು ಇದನ್ನು ಕರೆಯಬಹುದು. ಅಡಿಯಲ್ಲೆಲ್ಲ ತಣ್ಣನೆಯ ಗಾಳಿಯೇ ತುಂಬಿಕೊಂಡಮೇಲೆ ಸುಳಿಗೆ ಶಕ್ತಿಯ ಮೂಲ ತಪ್ಪಿ, ಅದು ಕೆಲವು ದಿನಗಳಲ್ಲಿ ಕುಂದಿ ಅಳಿಯುವುದು. ಸುಳಿಗೆ ಹುಟ್ಟು, ಯೌವನ, ಮುಪ್ಪುಗಳುಂಟೆಂದು ತಿಳಿದುದೇ ಮುನ್ಸೂಚಕನಿಗೆ ದೊರೆತ ದೊಡ್ಡ ಬಲ. ಇಂದಿನ ನಕ್ಷೆಯಲ್ಲಿರುವ ಸುಳಿಯು ಯಾವ ವಯಸ್ಸಿನದೆಂದು ಕಂಡುಕೊಂಡರೆ, ನಾಳೆ ಅದು ಬೆಳೆಯುವುದೋ ಅಳಿಯುವುದೋ ಎಂಬುದನ್ನು ಕಾರಣಸಹಿತವಾಗಿ ಹೇಳಬಹುದು.

೬

ಈ ಎರಡು ಮಾರ್ಗಗಳ ಅಂತರವು ಅತ್ಯಂತ ಗುರುವಾದ ಪರೀಕ್ಷೆಗೆ ಒಳಗಾದುದು ೧೯೪೪ರ ಜೂನ್ ತಿಂಗಳಿನ ಮೊದಲ ವಾರದಲ್ಲಿ. ಮಿತ್ರರಾಷ್ಟ್ರಗಳ ಸೇನೆಯು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ನಾರ್ಮಂಡಿಯಲ್ಲಿ ಇಳಿಯಲು ಜೂನ್ ೫ ನಿಶ್ಚಯವಾಗಿದ್ದಿತು. ಜೇಮ್ಸ್ ಸ್ಟ್ಯಾಗ್ ಎಂಬವನ ಮುಖ್ಯಸ್ಥಿಕೆಯಲ್ಲಿ ಮೂರು ತಂಡಗಳು ಮುನ್ಸೂಚನೆಯನ್ನು ಸಿದ್ಧಪಡಿಸುತ್ತಿದ್ದುವು. ಅಮೆರಿಕದ ತಂಡವು ಹಿಂದಿನ ವರ್ಷಗಳ ನಕ್ಷೆಗಳಲ್ಲಿ ಸದೃಶವಾದುವನ್ನು ಹುಡುಕಿ, ಆಗ ಹೇಗಾಯಿತೋ ಈಗಲೂ ಹಾಗೆಯೇ ಆಗುವುದೆಂಬ ಕ್ರಮವನ್ನು ಹಿಡಿದು ಜೂನ್ ೫ರ ಹವೆಯು ಸಾಕಷ್ಟು ಒಳ್ಳೆಯದಾಗಿರುವುದೆಂದಿತು. ಬೆರ್ಗೆನಿನ ಪಂಥದಲ್ಲಿ ಪಳಗಿದ ಸ್ವೆರ್ರೆ ಪೆಟ್ಟರ್‌ಸೆನ್ ಇದನ್ನು ಒಪ್ಪಲಿಲ್ಲ. ಅಟ್ಲಾಂಟಿಕ್ ಸಾಗರದಲ್ಲಿ ಸಾಲಾಗಿ ಬರುತ್ತಿದ್ದ ಸುಳಿಗಳ ರಚನೆಯನ್ನೂ ಮೇಲಣ ವಾಯುಪ್ರವಾಹವನ್ನೂ ನೋಡಿ ಬಿರುಗಾಳಿಯನ್ನೇ ಮುನ್ನುಡಿದನು. ಐರ್ಲೆಂಡಿನ ಪಶ್ಚಿಮ ಅಂಚಿನ ಬ್ಲ್ಯಾಕ್‌ಸಾಡ್ ನಿಲ್ದಾಣದಿಂದ ವಾಯುಭಾರ ಇಳಿಯುತ್ತಿದೆಯೆಂಬ ವರದಿಗಳು ಬಂದುವು. ದಾಳಿಯನ್ನು ಮುಂದೂಡಲಾಯಿತು, ಐದರಂದು ಕಡಲು ನಿಜವಾಗಿಯೂ ಉಗ್ರವಾಗಿದ್ದಿತು. ತಣ್ಮೊನೆಯೊಂದು ದಾಟಿದಮೇಲೆ ಅಲ್ಪಕಾಲದ ಬಿಡುವು ದೊರೆಯುವುದೆಂದು ಜೂನ್ ೪ರ ರಾತ್ರಿ ಸ್ಟ್ಯಾಗ್ ತಿಳಿಸಿದನು. ಆ ಬಿಡುವಿನಲ್ಲಿ, ಜೂನ್ ೬ರಂದು, ಸುಮಾರು ಒಂದೂವರೆ ಲಕ್ಷ ಸೈನಿಕರು ಇಳಿದರು. ಆ ದಿನ ತಪ್ಪಿದ್ದರೆ ಭರತವು ಅನುಕೂಲವಾಗುವ ದಿನಗಳು ಮುಂದೆ ಹದಿನೈದು ದಿನಗಳಾಚೆ ಇದ್ದುವು. ಜೂನ್ ೧೯ರಿಂದ ಎದ್ದ ಬಿರುಗಾಳಿಯು ಅಮೆರಿಕನ್ನರು ಕಟ್ಟಿದ್ದ ಕೃತಕ ಬಂದರನ್ನು ಹಾಳುಮಾಡಿತು.

ಸಾದೃಶ್ಯವು ಎಲ್ಲೆಡೆಯೂ ಸೋಲುವುದೆಂದು ಇದರಿಂದ ಸಿದ್ಧವಾಗದು. ಸಾದೃಶ್ಯವು ಯಾವಾಗ ಮೋಸಗೊಳಿಸುವುದೆಂಬುದನ್ನು ಅರಿಯಲು ರಚನೆಯ ಜ್ಞಾನ ಬೇಕೆಂಬುದಷ್ಟೇ ಸಿದ್ಧವಾಗುವುದು.

ಬೆರ್ಗೆನಿನ ಸಿದ್ಧಾಂತವೂ ತಿದ್ದುಪಡಿಗೆ ಹೊರತಾಗಲಿಲ್ಲ. ಜೂಲ್ ಚಾರ್ನಿ ೧೯೪೭ರಲ್ಲಿಯೂ ಎರಿಕ್ ಈಡಿ ೧೯೪೯ರಲ್ಲಿಯೂ ಗಣಿತದಿಂದ ತೋರಿಸಿದಂತೆ, ಸುಳಿ ಹುಟ್ಟಲು ಕತ್ತಿಯ ಅಂಚಿನಂತಹ ಮೊನೆ ಮೊದಲೇ ಇರಬೇಕಾಗಿಲ್ಲ. ಉತ್ತರದಕ್ಷಿಣಗಳ ನಡುವೆ ಉಷ್ಣತೆಯ ಅಂತರವು ಸಾಕಷ್ಟಿದ್ದರೆ ಅಲೆಗಳು ತಾವಾಗಿಯೇ ಬೆಳೆಯುವುವು. ಬೆಳೆಯುವ ಸುಳಿಯೇ ಆ ಅಂತರವನ್ನು ಒತ್ತಿ ಮೊನೆಯನ್ನು ಹರಿತಗೊಳಿಸುವುದು. ಮೊನೆಯು ಸುಳಿಯ ತಾಯಿಯಷ್ಟೇ ಅಲ್ಲ, ಮಗಳೂ ಅಹುದು. ಇನ್ನೊಂದು ಕಡೆ, ವಿಲ್‌ಹೆಲ್ಮ್ ಬ್ಯರ್ಕ್‌ನೆಸ್ ೧೯೦೪ರಲ್ಲಿ ಕಂಡ ಕನಸು ಬೇರೆ ದಾರಿಯಿಂದ ಕೈಗೂಡಿತು. ಲೂಯಿಸ್ ರಿಚರ್ಡ್‌ಸನ್ ೧೯೨೨ರಲ್ಲಿ ಕೈಲೆಕ್ಕದಿಂದ ಪ್ರಯತ್ನಿಸಿದಾಗ ಆರು ಗಂಟೆಗಳಲ್ಲಿ ವಾಯುಭಾರವು ೧೪೫ ಮಿಲಿಬಾರು ಏರುವುದೆಂಬ ಅಸಂಭವವಾದ ಉತ್ತರ ಬಂದಿದ್ದಿತು. ೧೯೫೦ರಲ್ಲಿ ಅಮೆರಿಕದ ಎನಿಯಾಕ್ ಎಂಬ ಗಣಕಯಂತ್ರದಿಂದ ಮೊದಲ ಬಾರಿಗೆ ನಂಬತಕ್ಕ ಫಲ ದೊರೆಯಿತು. ಇಪ್ಪತ್ತನಾಲ್ಕು ಗಂಟೆಗಳ ಮುನ್ಸೂಚನೆಗೆ ಸುಮಾರು ಅಷ್ಟೇ ಕಾಲ ಹಿಡಿಯಿತು. ಇಂದಿನ ಗಣಕಯಂತ್ರಗಳು ಮೊನೆಯೆಂಬ ಕಲ್ಪನೆಯನ್ನು ಕೇಳುವುದಿಲ್ಲ; ಉಷ್ಣತೆ, ತೇವ, ಭಾರ, ವೇಗಗಳ ಸಮೀಕರಣಗಳನ್ನು ಬಿಡಿಸುತ್ತ ಹೋದಂತೆ ಮೊನೆಯು ಅಂಕಿಗಳ ನಡುವೆ ತಾನೇ ಮೂಡುವುದು. ಆದರೂ ಆ ಅಂಕಿಗಳನ್ನು ಮನುಷ್ಯನಿಗೆ ಅರ್ಥಮಾಡಿಸುವಾಗ ಮುನ್ಸೂಚಕನು ಕೆಂಪು ನೀಲಿ ಗೆರೆಗಳನ್ನು ಇಂದಿಗೂ ಎಳೆಯುವನು.

೭

ಇನ್ನು ಮುಂಗಾರಿನ ನಾಡಿನ ವಿಚಾರ. ಮೊನೆಯ ಓರೆಯು ಅಕ್ಷಾಂಶವನ್ನು ಅವಲಂಬಿಸಿದೆಯೆಂದು ಮೇಲೆ ಹೇಳಿತು. ಬೆರ್ಗೆನ್ ಸುಮಾರು ೬೦ ಡಿಗ್ರಿ ಅಕ್ಷಾಂಶದಲ್ಲಿದೆ. ಬೆಂಗಳೂರು ೧೩ ಡಿಗ್ರಿಯಲ್ಲಿ. ಗಾಳಿಯನ್ನು ಪಕ್ಕಕ್ಕೆ ತಿರುಗಿಸುವ ಭೂಭ್ರಮಣದ ಪರಿಣಾಮವು ಬೆಂಗಳೂರಿನಲ್ಲಿ ಬೆರ್ಗೆನಿನಲ್ಲಿರುವುದರ ಕಾಲು ಭಾಗಕ್ಕೆ ಸಮೀಪ. ಅಲ್ಲದೆ ಮಳೆಗಾಲದಲ್ಲಿ ಇಲ್ಲಿ ಸಂಧಿಸುವ ಗಾಳಿಗಳ ಉಷ್ಣತೆಯಲ್ಲಿ ಹೇಳಿಕೊಳ್ಳುವಷ್ಟು ಅಂತರವಿರುವುದಿಲ್ಲ. ತಣ್ಣನೆಯ ಬೆಣೆಯೇ ಇಲ್ಲದೆಡೆ ಮೊನೆಯೆಲ್ಲಿ? ಬೆರ್ಗೆನಿನ ಯಶಸ್ಸಿನಿಂದ ಉತ್ತೇಜಿತರಾದ ಹವಾಶಾಸ್ತ್ರಜ್ಞರು ಕೆಲವು ಕಾಲ ಉಷ್ಣವಲಯದಲ್ಲಿಯೂ ಮೊನೆಯನ್ನು ಹುಡುಕಿ, ಎರಡು ಗೋಲಾರ್ಧಗಳ ವಾಣಿಜ್ಯಮಾರುತಗಳು ಕೂಡುವ ಪಟ್ಟಿಗೆ ‘ಇಂಟರ್‌ಟ್ರಾಪಿಕಲ್ ಫ್ರಂಟ್’ ಎಂದು ಹೆಸರಿಟ್ಟರು. ಅಲ್ಲಿ ಗಾಳಿಗಳು ಕೂಡುವುದು ನಿಜ, ಆದರೆ ಶೀತೋಷ್ಣಗಳ ಎಲ್ಲೆಯಿಲ್ಲವೆಂದು ತಿಳಿದಮೇಲೆ ಆ ಹೆಸರು ಹಿಂದೆ ಸರಿದು, ‘ಸಂಗಮವಲಯ’ ಎಂಬರ್ಥದ ಹೆಸರು ನಿಂತಿತು. ಒಂದು ನಾಡಿನಲ್ಲಿ ನಿಜವನ್ನು ತೋರಿಸಿದ ಪದವು ಮತ್ತೊಂದು ನಾಡಿನಲ್ಲಿ ನಿಜವನ್ನು ಮರೆಮಾಡಬಹುದೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ಸಿದ್ಧಾಂತದ ತಿರುಳು ಇಲ್ಲಿಯೂ ಸಲ್ಲುವುದು. ಮಳೆ ಬರಬೇಕಾದರೆ ತೇವದ ಗಾಳಿಯು ಮೇಲಕ್ಕೇರಿ ತಣಿಯಬೇಕು. ಅದನ್ನು ಏರಿಸುವುದು ಯಾವುದೆಂಬುದೇ ಪ್ರಶ್ನೆ. ನಾರ್ವೆಯ ಸಮುದ್ರದ ಮೇಲೆ ತಣ್ಣನೆಯ ಗಾಳಿಯ ಇಳಿಜಾರು ಆ ಕೆಲಸವನ್ನು ಮಾಡುವುದು. ಕರ್ಣಾಟಕದ ಪಶ್ಚಿಮದಲ್ಲಿ ಕಲ್ಲುಮಣ್ಣಿನ ಇಳಿಜಾರೇ ಅದನ್ನು ಮಾಡುವುದು. ಅರಬ್ಬೀ ಸಮುದ್ರದಿಂದ ಬಂದ ಗಾಳಿಯು ಆಗುಂಬೆಯ ಬಳಿ ಕೆಲವೇ ಕಿಲೋಮೀಟರುಗಳೊಳಗೆ ಆರುನೂರು ಮೀಟರಿಗೂ ಮೀರಿ ಏರಬೇಕಾಗುವುದರಿಂದ ಅಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟವನ್ನು ದಾಟಿ ಇಳಿದಮೇಲೆ ಚಳ್ಳಕೆರೆಯ ಬಯಲಿನಲ್ಲಿ ೫೦೦ ಮಿಲಿಮೀಟರಿನ ಆಸುಪಾಸು. ಮೊನೆಯು ಚಲಿಸುವುದಾದುದರಿಂದ ಅದರ ಮಳೆಯೂ ಊರಿಂದೂರಿಗೆ ಚಲಿಸುವುದು. ಘಟ್ಟವು ಸ್ಥಿರವಾದುದರಿಂದ ಅದರ ಮಳೆಯೂ ನಿಂತಲ್ಲಿಯೇ ನಿಲ್ಲುವುದು.

ಉತ್ತರಭಾರತದಲ್ಲಿ ಮಾತ್ರ ಬೆರ್ಗೆನಿನ ಚಿತ್ರದ ನೆರಳನ್ನು ಕಾಣಬಹುದು. ಚಳಿಗಾಲದಲ್ಲಿ ಮೆಡಿಟರೇನಿಯನ್ನಿನ ಕಡೆಯಿಂದ ಇರಾನ್, ಆಫ್ಘಾನಿಸ್ತಾನಗಳ ಮಾರ್ಗವಾಗಿ ಬರುವ ಪಶ್ಚಿಮದ ಕ್ಷೋಭೆಗಳು ಹಿಮಾಲಯಕ್ಕೆ ಹಿಮವನ್ನೂ ಪಂಜಾಬಿನ ಗೋದಿಗೆ ಮಳೆಯನ್ನೂ ತರುವುವು. ಇಲ್ಲಿಗೆ ಬರುವ ಹೊತ್ತಿಗೆ ಅವುಗಳ ಮೊನೆಗಳು ಮಸುಳಿರುವುವಾದರೂ, ಅವು ದಾಟಿದಮೇಲೆ ಬಯಲಿನಲ್ಲಿ ಕವಿಯುವ ಚಳಿಯು ತಣ್ಮೊನೆಯ ಹಿಂದಣ ಗಾಳಿಯನ್ನೇ ನೆನಪಿಗೆ ತರುವುದು.

ಹಾಗಾದರೆ ಚಂದ್ರನ ಗುಡಿಯು ಕನ್ನಡನಾಡಿನಲ್ಲಿ ಏನನ್ನು ಸೂಚಿಸುವುದು? ಎತ್ತರದಲ್ಲಿ ಹಿಮದ ಹರಳುಗಳ ತೆಳುಮೋಡವಿದೆಯೆಂಬುದನ್ನು ಮಾತ್ರ. ಆ ಮೋಡವು ದೂರದ ಗುಡುಗುಮೋಡದ ತುದಿಯಿಂದ ಹರಿದು ಬಂದುದಾಗಿರಬಹುದು, ಬಂಗಾಳಕೊಲ್ಲಿಯ ಸುಳಿಯ ಅಂಚಾಗಿರಬಹುದು, ಯಾವ ಮಳೆಗೂ ಸೇರದುದಾಗಿಯೂ ಇರಬಹುದು. ನಾರ್ವೆಯಲ್ಲಿ ಆ ಲಕ್ಷಣದ ಹಿಂದೆ ಬಹುಮಟ್ಟಿಗೆ ಒಂದೇ ಕಾರಣವಿದ್ದುದರಿಂದ ಅಲ್ಲಿ ಅದಕ್ಕೆ ಬೆಲೆ ಹೆಚ್ಚು. ಇಲ್ಲಿ ಕಾರಣಗಳು ಹಲವಾದುದರಿಂದ ಬೆಲೆ ಕಡಮೆ. ಲಕ್ಷಣವು ತನ್ನ ಕಾರಣವಿರುವಷ್ಟು ದೂರ ಮಾತ್ರ ಸಲ್ಲುವುದು.

ಮುಂಗಾರಿನ ಕಾರಣವನ್ನು ಹುಡುಕುವ ಕಾರ್ಯಕ್ಕೆ ಭಾರತದಲ್ಲಿ ಹಸಿವೇ ಪ್ರೇರಣೆಯಾಯಿತು. ಹವಾಮಾನ ಇಲಾಖೆಯು ೧೮೭೫ರಲ್ಲಿ ಸ್ಥಾಪಿತವಾದ ಮರುವರ್ಷವೇ, ಮೈಸೂರು ಸಂಸ್ಥಾನವನ್ನೂ ಹಾಳುಗೆಡವಿದ ೧೮೭೬-೭೮ರ ಕ್ಷಾಮ ಆರಂಭವಾಯಿತು. ೧೯೦೪ರಿಂದ ೧೯೨೪ರವರೆಗೆ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರನು ಮುಂಗಾರು ತಪ್ಪುವ ವರ್ಷಗಳನ್ನು ಮೊದಲೇ ತಿಳಿಯಬೇಕೆಂದು ಜಗತ್ತಿನ ನಾನಾ ಭಾಗಗಳ ವಾಯುಭಾರ, ಮಳೆ, ಉಷ್ಣತೆಗಳ ಅಂಕಿಗಳನ್ನು ಹೋಲಿಸಿ, ಹಿಂದೂಮಹಾಸಾಗರದ ಕಡೆ ಭಾರ ಏರಿದಾಗ ಪೆಸಿಫಿಕ್ ಸಾಗರದ ಕಡೆ ಇಳಿಯುವ ಒಂದು ತೂಗಾಟವನ್ನು ಕಂಡನು. ಅದಕ್ಕೆ ಅವನು ದಕ್ಷಿಣದ ಆಂದೋಲನವೆಂದು ಹೆಸರಿಟ್ಟನು. ಅದು ನಿಜವಾದ ಲಕ್ಷಣವಾಗಿದ್ದಿತು. ಆದರೆ ಕಾರಣವು ತಿಳಿಯದೆ ಇದ್ದುದರಿಂದ ಬಹುಕಾಲ ಮೂಲೆಯಲ್ಲಿ ಉಳಿಯಿತು. ಕಾರಣವನ್ನು ಕೊಟ್ಟವನು, ಇಪ್ಪತ್ತೊಂದನೆಯ ವರ್ಷದಲ್ಲಿ ಸುಳಿಯೊಳಗಣ ರೇಖೆಗಳನ್ನು ಕಂಡ ಅದೇ ಯಾಕೊಬ್ ಬ್ಯರ್ಕ್‌ನೆಸ್. ಲಾಸ್ ಏಂಜಲೀಸಿನಲ್ಲಿ ನೆಲೆಸಿದ್ದ ಅವನು ೧೯೬೯ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ವಾಕರನ ತೂಗಾಟವೂ ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನ್ಯೋ ಎಂಬ ವಿದ್ಯಮಾನವೂ ಒಂದೇ ವ್ಯಾಪಾರದ ಎರಡು ಮುಖಗಳೆಂದು ವಿವರಿಸಿ, ಸಮಭಾಜಕದ ಮೇಲಣ ಆ ವಾಯುಚಕ್ರಕ್ಕೆ ವಾಕರನ ಹೆಸರನ್ನೇ ಇಟ್ಟನು. ಎಲ್ ನಿನ್ಯೋ ವರ್ಷಗಳಲ್ಲಿ ಮುಂಗಾರು ಕುಗ್ಗುವ ಸಂಭವ ಹೆಚ್ಚೆಂಬುದನ್ನು ಇಂದು ಮುಂಗಾರಿನ ಮುನ್ಸೂಚನೆಯಲ್ಲಿ ಗಣನೆಗೆ ತೆಗೆದುಕೊಳ್ಳಲಾಗುತ್ತಿದೆ. ಕುಗ್ಗಿಯೇ ತೀರುವುದೆಂದು ಹೇಳುವಂತಿಲ್ಲ. ಬೆರ್ಗೆನಿನ ಮೊನೆಯು ಮುಂಗಾರಿನ ನಾಡಿಗೆ ಬರಲಿಲ್ಲ; ಮೊನೆಯನ್ನು ಕಂಡ ಕಣ್ಣು ಬಂದಿತು.